ಒಬ್ಬಳೇ ಇದ್ದ ಒಂದನೇ ತರಗತಿ

ಆ ವರ್ಷ ನಮ್ಮ ಶಾಲೆಯ ಒಂದನೇ ತರಗತಿಯಲ್ಲಿ ಇದ್ದದ್ದು ಒಂದೇ ಮಗು, ಆರು ವರ್ಷದ ಹುಡುಗಿ. ಎರಡು ಮತ್ತು ಮೂರನೇ ತರಗತಿಗೆ ಯಾರೂ ಇರಲಿಲ್ಲ. ನಾಲ್ಕು, ಐದು ಸೇರಿ ಏಳು ಮಕ್ಕಳು ಮುಖ್ಯ ಶಿಕ್ಷಕರ ಕೋಣೆಯಲ್ಲಿ ಕೂರುತ್ತಿದ್ದರು. ಒಂದರಿಂದ ಮೂರರವರೆಗಿನ ನಲಿ-ಕಲಿ ಕೋಣೆಯಲ್ಲಿ ನಾನು ಮತ್ತು ಅವಳು.

ಅವಳನ್ನು ಸೇರಿಸಿಕೊಂಡವಳು ನಾನೇ. ಭೇರ್ಯದ ಆಸುಪಾಸಿನ ಆ ಊರಿನಲ್ಲಿ ಮೇ ತಿಂಗಳಿಡೀ ಮನೆ ಮನೆ ಸುತ್ತಿದ್ದೆ. ಅವಳ ಅಜ್ಜಿ ಜಗಲಿಯಲ್ಲಿ ಅಕ್ಕಿ ಕೇರುತ್ತಿದ್ದರು. ಅವರ ಮಗ, ಅಂದರೆ ಹುಡುಗಿಯ ಅಪ್ಪ, ಆಗಲೇ ಕಾನ್ವೆಂಟಿನ ವ್ಯಾನಿನವನ ಹತ್ತಿರ ಮಾತಾಡಿಬಂದಿದ್ದ.

"ನಿಮ್ಮ ಮಗನಿಗೂ ಅಕ್ಷರ ಕಲಿಸಿದ್ದು ನಾನೇ ಅಲ್ವಾ ಅಜ್ಜಿ?" ಎಂದೆ.

"ಅದ್ಕೇ ಕಣ್ ಮೇಡಮ್ನೋರೆ ಯೋಚ್ನೆ. ಅವ ಸೈನ್ ಆಕಕ್ಕೆ ಇನ್ನೂ ಅರ್ಧ ಗಂಟೆ ತಕ್ಕತಾನೆ," ಎಂದು ನಕ್ಕರು. ಆಮೇಲೆ ಮೊರ ಕೆಳಗಿಟ್ಟು ಕೇಳಿದರು: "ಜೊತೇಗೆ ಐಕ್ಳು ಅವ್ರಾ? ಒಂಟಿಯಾಗಿ ಬುಡಕ್ಕಿಲ್ಲ ನಾನು."

"ಐದಾರು ಮಕ್ಕಳು ಸೇರ್ತಾರೆ," ಎಂದೆ.

ಆಗ ನನ್ನ ಪಟ್ಟಿಯಲ್ಲಿ ಅವಳಲ್ಲದೆ ಇನ್ನಿಬ್ಬರ ಹೆಸರಿತ್ತು. ಆ ಇಬ್ಬರೂ ಬರುವುದು ಖಚಿತವಿಲ್ಲ ಎಂಬುದು ನನಗೆ ಗೊತ್ತಿತ್ತು. ಅಜ್ಜಿ ಮಗನ ಮಾತು ತೆಗೆದುಹಾಕಿ ಮೊಮ್ಮಗಳನ್ನು ನಮ್ಮ ಶಾಲೆಗೆ ಬರೆಸಿದರು. ಜೂನ್ ಮೊದಲ ವಾರದಲ್ಲಿ ಒಂದು ಮಗು ವ್ಯಾನು ಹತ್ತಿತು. ಇನ್ನೊಂದನ್ನು ಸೋದರಮಾವ ಸರಗೂರಿಗೆ ಕರೆದುಕೊಂಡು ಹೋದ.

ದಿನಚರಿ ಬದಲಾಗಲಿಲ್ಲ. ಪ್ರಾರ್ಥನೆ, ಹಾಲು, ಗೋಡೆಯ ಚಾರ್ಟಿನಲ್ಲಿ ಅವಳೇ ಹಾಕುವ ಹಾಜರಿ, ಹವಾಮಾನ ಪಟದಲ್ಲಿ ಮೋಡವೋ ಬಿಸಿಲೋ ಎಂಬ ಗುರುತು. ಅಕ್ಷರಗಳು ನಲಿ-ಕಲಿಯ ಕ್ರಮದಲ್ಲಿ: ಮೊದಲು ರ, ಗ, ಸ, ದ, ಅ. ಅಕ್ಷರ ಕಲಿತ ಮಗು ಕೋಲು ಹಿಡಿದು ಬೋರ್ಡಿನ ಹತ್ತಿರ ನಿಂತು ಹೇಳಿಕೊಡುವುದು, ಉಳಿದವರು ಕೂಗಿ ಹೇಳುವುದು ನಮ್ಮ ಕೋಣೆಯ ಹಳೆಯ ಕ್ರಮ. ಅವಳಿಗೆ ಆ ಕೋಲೆಂದರೆ ಆಸೆ. 'ರ' ತೋರಿಸಿ ಹೇಳಿ ನಿಲ್ಲುತ್ತಿದ್ದಳು. ನಾನು ಚಾಪೆಯ ಮೇಲೆ ಕೂತು ಒಬ್ಬಳೇ ಕೂಗುತ್ತಿದ್ದೆ. ನಾನು ಪಾಠ ಹೇಳುವಾಗ "ಎಲ್ಲರೂ ಹೇಳಿ" ಎಂಬ ಮಾತು ಅಭ್ಯಾಸದಿಂದ ಬಾಯಿಗೆ ಬಂದುಬಿಡುತ್ತಿತ್ತು. ಮೊದಮೊದಲು ಅವಳು ತಿರುಗಿ ಹಿಂದೆ ನೋಡುತ್ತಿದ್ದಳು.

ಕೆಲವು ದಿನ ದೊಡ್ಡ ಮಕ್ಕಳ ಜೊತೆ ಕೂರಿಸಿ ನೋಡಿದೆ. ಅಲ್ಲಿ ಭಾಗಾಕಾರ ನಡೆಯುತ್ತಿತ್ತು. ಅವಳು ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಹೋದಳು.

ಒಂದು ಮಧ್ಯಾಹ್ನ ಕೆರೆ-ದಡ ಆಡಿಸಿದೆ. ಗೆರೆಯ ಈಚೆ ದಡ, ಆಚೆ ಕೆರೆ; ಕೂಗಿದ ಕಡೆಗೆ ನೆಗೆಯಬೇಕು, ತಪ್ಪಿದವರು ಔಟ್. ಐದಾರು ಸಲ ಸರಿಯಾಗಿ ನೆಗೆದಳು. ಆಮೇಲೆ ತಪ್ಪಿದಳು. ಯಾರೂ ಹೇಳುವ ಮೊದಲೇ ಗೋಡೆಯ ಹತ್ತಿರ ಹೋಗಿ ಕೈಕಟ್ಟಿ ನಿಂತಳು. ನಾನು ಸೀಮೆಸುಣ್ಣ ಹಿಡಿದುಕೊಂಡು ಗೆರೆಯ ಪಕ್ಕ ನಿಂತಿದ್ದೆ.

"ಆಟ ಮುಗೀತಾ ಮಿಸ್?"

"ಮುಗೀತು ಕಣಮ್ಮ."

"ಗೆದ್ದೋರು ಯಾರು?"

"ನೀನೇ."

"ನಾನು ಔಟ್ ಅಲ್ವಾ?"

ದಸರಾ ರಜೆ ಮುಗಿಸಿ ಬಂದ ಮೇಲೆ ಅವಳ ದನಿ ಇಳಿದಿತ್ತು. ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದಳು. ಓದು ಹಿಂದೆ ಬೀಳಲಿಲ್ಲ; ಕಲಿಕೆಯ ಕಾರ್ಡುಗಳನ್ನೆಲ್ಲ ಮುಗಿಸುತ್ತಿದ್ದಳು. ಕೋಲು ಮುಟ್ಟುವುದನ್ನು ಬಿಟ್ಟಳು. ಮುಖ್ಯ ಶಿಕ್ಷಕರಿಗೆ ಹೇಳಿದೆ. ಅವರು, "ಮಾರ್ಚ್‌ವರೆಗೆ ಹೇಗಾದ್ರೂ ಉಳಿಸ್ಕೊಳ್ಳಿ ಮೇಡಂ. ಇದೊಂದು ಮಗು ಹೋದ್ರೆ ನೀವು ಹೆಚ್ಚುವರಿ ಶಿಕ್ಷಕಿ ಆಗ್ತೀರಿ, ಬೇರೆ ಕಡೆ ಹಾಕ್ತಾರೆ. ಮುಂದಿನ ವರ್ಷ ಶಾಲೆಗೇ ಬೀಗ," ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಒಪ್ಪಿದೆ.

ದೀಪಾವಳಿ ಕಳೆದ ವಾರ ಅಜ್ಜಿಯೇ ಶಾಲೆಗೆ ಬಂದರು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತರು.

"ಮನೇಲಿ ಕೊಟ್ಗೆಗೋಗಿ ದನ್ದ ಮುಂದೆ ಕುಂತ್ಕತಾಳೆ. ನಾವು ಮಾತಾಡ್ಸುದ್ರೆ ಮಾತಾಡಕ್ಕಿಲ್ಲ. ನಿಜ ಏಳಿ ಮೇಡಮ್ನೋರೆ, ಇನ್ಯಾರಾರ ಬತ್ತಾರಾ?"

"ಇಲ್ಲ ಅಜ್ಜಿ, ಬರಲ್ಲ. ಕರ್ಕೊಂಡು ಹೋಗಿ ಬೇರೆ ಕಡೆ ಸೇರಿಸಿ."

ಅವರು ನನ್ನ ಮುಖ ನೋಡಿದರು. "ಅವತ್ತು ಜಗ್ಲಿ ಮ್ಯಾಲೆ ಕುಂತು ಏಳುದ್ರಲ್ಲ, ಅವತ್ತೂ ಗೊತ್ತಿತ್ತಾ?"

"ಅನುಮಾನ ಇತ್ತು."

"ಕಾಗ್ದ ಬರ್ಕೊಡಿ," ಎಂದರು. ನಾನು ಟೀಸಿ ಬರೆದೆ. ಬಿಡಲು ಕಾರಣ ಎಂಬ ಜಾಗದಲ್ಲಿ 'ಪೋಷಕರ ಕೋರಿಕೆ' ಎಂದು ತುಂಬಿದೆ. ಹಾಗೆ ತುಂಬುವುದು ರೂಢಿ. ಹುಡುಗಿ ಚೀಲ ಹಾಕಿಕೊಂಡು ಅಜ್ಜಿಯ ಸೆರಗು ಹಿಡಿದು ಹೊರಟಳು. ಡಿಸೆಂಬರಿನಲ್ಲಿ ನನ್ನ ಹೆಸರು ಹೆಚ್ಚುವರಿ ಪಟ್ಟಿಗೆ ಹೋಯಿತು.

ಫೆಬ್ರವರಿಯಲ್ಲಿ ಒಂದು ದಿನ ಬಸ್ ಸ್ಟಾಪಿನಲ್ಲಿ ಅಜ್ಜಿ ಸಿಕ್ಕರು. ನಾನೇ ಹೋಗಿ ಮಾತಾಡಿಸಿದೆ.

"ಹೇಗಿದ್ದಾಳೆ?"

"ಅವ್ಳೆ. ಕಾನ್ವೆಂಟ್ನಲ್ಲಿ ಇಂಗ್ಲೀಸ್ ಬರಕ್ಕಿಲ್ಲ ಅಂತ ಯುಕೆಜೀಲಿ ಕೂರ್ಸವ್ರೆ ಕಣ್ ಮೇಡಮ್ನೋರೆ. ಚಿಕ್ ಐಕ್ಳ ಜೊತೆ. ಎಲ್ರಿಗಿಂತ ಎತ್ರ ಇವ್ಳೆಯ."

ಜೂನಿನಲ್ಲೇ ವ್ಯಾನು ಹತ್ತಿದ್ದರೆ ಅವಳ ಯುಕೆಜಿ ಈ ವರ್ಷವೇ ಮುಗಿಯುತ್ತಿತ್ತು. ಈಗ ನಡುವೆ ಸೇರಿದ್ದರಿಂದ ಮುಂದಿನ ಜೂನಿನಿಂದ ಮತ್ತೆ ಯುಕೆಜಿಯೇ. ಅದನ್ನು ನಾನು ಬಾಯಿಬಿಟ್ಟು ಹೇಳಿದೆ.

"ಓದ್ರೆ ಓಯ್ತು ಬುಡಿ ಒಂದ್ ವರ್ಸ. ಕಾಲ ಅದೆ ಅವ್ಳಿಗೆ," ಎಂದರು.

"ಮಾತಾಡ್ತಾಳಾ ಈಗ?"

"ಊಂ, ಬಾಯ್ ಮುಚ್ಚಕ್ಕಿಲ್ಲ. ನಿಮ್ ಸುದ್ದಿ ಒಂದ್ ಎತ್ತಕ್ಕಿಲ್ಲ, ಅಷ್ಟೆಯ."

ಬಸ್ಸು ಬಂತು. ಅಜ್ಜಿ ಮೊದಲು ಹತ್ತಿ ಸೀಟು ಹಿಡಿದು, ಕಿಟಕಿಯ ಪಕ್ಕ ನನಗೆ ಜಾಗ ಬಿಟ್ಟರು. ಕೆ.ಆರ್. ನಗರ ತಲುಪುವವರೆಗೂ ನಾಲೆಯ ನೀರು, ಭತ್ತದ ಕಟಾವಿನ ಮಾತೇ ಆಡಿದರು. ನಾನು ಹೂಂಗುಟ್ಟುತ್ತ ಕೂತಿದ್ದೆ.