ಗಡ್ಡೆಯೊಳಗಿನ ಕಾವಲುಗಾರರನ್ನು ಓದಿದವರು

ಮೂತ್ರಪಿಂಡದ ಕ್ಯಾನ್ಸರ್ ಗಡ್ಡೆಯೊಳಗೆ ಸೇರಿಕೊಂಡ ರೋಗನಿರೋಧಕ ಕೋಶಗಳನ್ನು ನೋಡಿ ರೋಗಿಯ ಮುಂದಿನ ದಿನಗಳನ್ನು ಎಷ್ಟರಮಟ್ಟಿಗೆ ಊಹಿಸಬಹುದು ಎಂಬ ಪ್ರಶ್ನೆಗೆ ತಮ್ಮ ವೃತ್ತಿಯ ಬಹುಭಾಗವನ್ನು ಮುಡಿಪಾಗಿಟ್ಟವರು, ಈಗ ನಿವೃತ್ತರಾಗುತ್ತಿರುವ ನಮ್ಮ ಪೆಥಾಲಜಿ ವಿಭಾಗದ ಮುಖ್ಯಸ್ಥೆ. ಅವರ ಸಂಶೋಧನೆಯ ಮಹತ್ವವನ್ನು ಬಲ್ಲವರು ಈ ಅಭಿನಂದನಾ ಸಂಪುಟದಲ್ಲಿ ಬರೆದಿದ್ದಾರೆ. ಗಡ್ಡೆಯ ತೆಳು ಪದರವನ್ನು ಗಾಜಿನ ಮೇಲಿಟ್ಟು ಸ್ಲೈಡು ತಯಾರಿಸುವ ತಂತ್ರಜ್ಞನಾದ ನಾನು, ಹೆಚ್ಚು ಹೇಳಿಬಿಡುವೆನೋ ಕಡಿಮೆ ಹೇಳುವೆನೋ ಎಂಬ ಅಳುಕಿನಿಂದಲೇ, ಕಣ್ಣಾರೆ ಕಂಡಷ್ಟನ್ನು ಒಪ್ಪಿಸುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದಾಗ ಮೇಡಂ ಕಿರಿಯ ವೈದ್ಯೆ. ಸಂಜೆ ಕಾಲೇಜಿಗೆ ನನಗೆ ತಡವಾಗುತ್ತದೆಂದು ಸ್ಲೈಡುಗಳಿಗೆ ಬಣ್ಣ ಹಿಡಿಸುವ ತಟ್ಟೆಗಳನ್ನು ತಾವೇ ತೊಳೆದಿಟ್ಟು, "ಹೋಗಪ್ಪಾ, ಅಲ್ಲಿ ನಿನ್ನ ಹಾಜರಿ ನಾನು ಹಾಕೋಕಾಗಲ್ಲ" ಎಂದು ಕಳುಹಿಸುತ್ತಿದ್ದರು. ಹಳೆಯ ಗಡ್ಡೆಗಳ ಸ್ಲೈಡುಗಳನ್ನು ಮತ್ತೆ ಓದಿ, ಆ ರೋಗಿಗಳು ಏನಾದರೆಂದು ತಿಳಿಯಲು ಅವರವರ ಮನೆಗೆ ತಾವೇ ಫೋನು ಮಾಡುತ್ತಿದ್ದರು. ತೀರಿಕೊಂಡರೆಂಬ ಉತ್ತರ ಬಂದಾಗ ಸಟ್ಟನೆ ಫೋನಿಡದೆ, ಮನೆಯವರು ಮಾತು ಮುಗಿಸುವವರೆಗೂ ಕೇಳಿಸಿಕೊಳ್ಳುತ್ತಿದ್ದರು. ಬೇರೆ ಹಲವು ಕ್ಯಾನ್ಸರುಗಳಲ್ಲಿ ಈ ರೋಗನಿರೋಧಕ ಕೋಶಗಳ ದಟ್ಟಣೆ ಒಳ್ಳೆಯ ಸೂಚನೆಯಾದರೂ ಮೂತ್ರಪಿಂಡದಲ್ಲಿ ಅನೇಕ ಸಲ ಹಾಗಲ್ಲ ಎಂಬುದು ನಮಗೆ ಮನದಟ್ಟಾದದ್ದು ಆ ಕರೆಗಳಿಂದಲೇ.

ಅವರು ಮುಖ್ಯಸ್ಥೆಯಾದ ಮೇಲೆ, ಬಸ್ ಚಾಲಕರೊಬ್ಬರಿಗೆ ಶಸ್ತ್ರಚಿಕಿತ್ಸೆ ಮಾಡಿ ತೆಗೆದ ಮೂತ್ರಪಿಂಡದ ಗಡ್ಡೆ ನಮ್ಮಲ್ಲಿಗೆ ಬಂತು. ಕರುಳಿನ ಗಡ್ಡೆಗಳನ್ನೇ ಓದಿ ಪಳಗಿ ಹೊಸದಾಗಿ ಸೇರಿದ್ದ ವೈದ್ಯರು, ಅದೇ ಅಭ್ಯಾಸದಲ್ಲಿ, ಕೋಶಗಳು ದಟ್ಟವಾಗಿವೆ, ಇದು ಭರವಸೆಯ ಲಕ್ಷಣ ಎಂದು ವಾರ್ಡಿಗೆ ತಿಳಿಸಿಬಿಟ್ಟರು. ಚಾಲಕರು ಇನ್ನು ಸ್ಕ್ಯಾನುಗಳ ಗೊಡವೆ ಬೇಡವೆಂದು, ದೂರದ ಮಾರ್ಗದ ಬಸ್ಸಿಗೆ ಮರಳಲು ಸಿದ್ಧರಾದರು. ಸ್ಲೈಡು ನೋಡಿದ ಮೇಡಂ ಕೂಡಲೇ ಎದ್ದರು. ರೋಗಿಗಳ ಮುಖ ನೋಡುವ ಪದ್ಧತಿಯೇ ನಮ್ಮ ವಿಭಾಗಕ್ಕಿಲ್ಲ. ವಾರ್ಡಿನ ದಾರಿ ತಿಳಿಯದ ಅವರು ನನ್ನನ್ನು ಮುಂದೆ ಬಿಟ್ಟುಕೊಂಡು ಹೋದರು.

"ಮೊನ್ನೆ ಗೆದ್ದೆ ಅಂದ್ರಿ, ಇವತ್ತು ಸೋತೆ ಅಂತೀರಾ? ರಿವರ್ಸ್ ಗೇರ್ ಹಾಕೋದು ನಿಮಗೆ ಇಷ್ಟು ಸಲೀಸಾ?" ಎಂದು ಚಾಲಕರು ಸಿಡುಕಿದರು.

"ಸೋತಿದೀರಿ ಅಂತ ನಾನು ಹೇಳಲ್ಲ ಅಣ್ಣಾ. ಗೆದ್ದಿದೀರಿ ಅಂದಿದ್ದು ತಪ್ಪು. ನನ್ನ ವಿಭಾಗದ ಮಾತು, ಹಾಗಾಗಿ ನನ್ನದೇ ತಪ್ಪು. ಸ್ಕ್ಯಾನ್ ಮಾತ್ರ ತಪ್ಪಿಸ್ಬೇಡಿ."

"ಕೇಳಿಸ್ತಾ? ನಾನು ಹೇಳಿದ್ರೆ ಗೊಣಗಾಟ ಅಂತಿದ್ರಲ್ಲ!" ಎಂದು ಚಾಲಕರ ಹೆಂಡತಿ ಗಂಡನನ್ನೇ ತರಾಟೆಗೆ ತೆಗೆದುಕೊಂಡರು. ಹೊಸ ವೈದ್ಯರ ಪ್ರಸ್ತಾಪ ಅಲ್ಲಿ ಬರಲೇ ಇಲ್ಲ.

ಮುಂದಿನ ಸ್ಕ್ಯಾನೊಂದರಲ್ಲಿ ಶ್ವಾಸಕೋಶದಲ್ಲಿ ಸಣ್ಣ ಚುಕ್ಕೆ ಕಂಡಿತು. ರೋಗನಿರೋಧಕ ಕೋಶಗಳನ್ನು ಮತ್ತೆ ಚುರುಕಾಗಿಸುವ ಔಷಧಿ ಬೇಗ ಸಿಕ್ಕಿದ್ದರಿಂದ ಅವರು ಕೆಲವು ವರ್ಷ ಊರೊಳಗಿನ ಬಸ್ಸು ಓಡಿಸಿದರು. ಬಳಿಕ ಔಷಧಿ ನಾಟದಾಯಿತು, ಅವರು ಹೋದರು.

ಆಮೇಲೊಂದು ದಿನ ಅವರ ಹೆಂಡತಿ ನಮ್ಮ ವಿಭಾಗಕ್ಕೆ ಬಂದು, ಗಂಡನ ಸ್ಲೈಡು ನೋಡಬಹುದೇ ಎಂದು ಕೇಳಿದರು. ಮೇಡಂ ತಮ್ಮ ಕುರ್ಚಿ ಬಿಟ್ಟುಕೊಟ್ಟು, ರೋಗನಿರೋಧಕ ಕೋಶಗಳಿಗೆ ಕಂದು ಬಣ್ಣ ಹಿಡಿಸಿದ ಸ್ಲೈಡನ್ನಿಟ್ಟು ವಿವರಿಸುತ್ತಾ, ಮೈಕ್ರೋಸ್ಕೋಪನ್ನು ಆಕೆಯ ಕಣ್ಣಿಗೆ ಹೊಂದಿಸಿದರು.

"ಈ ಕಂದು ಬಣ್ಣದವರೇನಾ ನಮ್ಮ ಕಡೆಯವರು?"

"ಹೌದಕ್ಕಾ."

"ಇಷ್ಟೊಂದು ಜನ ಇದ್ದೂ?"

"ಬಂದಿದ್ರು. ಗಡ್ಡೆ ಅವರನ್ನ ತಡೆದು ನಿಲ್ಲಿಸಿತ್ತು. ಸುಸ್ತಾಗಿಬಿಟ್ಟಿದ್ರು."

ಆಕೆ ಕಣ್ಣು ತೆಗೆಯದೆ ಕೇಳಿದರು: "ಯಾರು ಸುಸ್ತಾಗಿದಾರೆ, ಯಾರು ಎಚ್ಚರ ಇದಾರೆ ಅಂತ ಮೊದಲೇ ಗೊತ್ತಾಗಲ್ವಾ?"

"ಪೂರ್ತಿ ಗೊತ್ತಾಗಲ್ಲ ಅಕ್ಕಾ. ಅದನ್ನೇ ಹುಡುಕ್ತಾ ಇದೀನಿ."

ಆ ಹುಡುಕಾಟ ಮುಗಿದಿಲ್ಲ. ನಿವೃತ್ತಿಯ ಮರುವಾರದಿಂದಲೇ ಬೆಳಗಿನ ಹೊತ್ತು ವಿಭಾಗಕ್ಕೆ ಬಂದು ಕೂರುತ್ತೇನೆಂದು ಮೇಡಂ ಹೇಳಿದ್ದಾರೆ. ಅವರಿಗೆ ಆರೋಗ್ಯವೂ, ದಣಿಯದ ಕಣ್ಣುಗಳೂ, ಅಂದು ಪ್ರಶ್ನೆ ಕೇಳಿದ ಆ ತಾಯಿಗೆ ಉತ್ತರ ಹೇಳುವಷ್ಟು ದೀರ್ಘವಾದ ಆಯುಸ್ಸೂ ದೊರೆಯಲಿ. ಸ್ಲೈಡುಗಳನ್ನು ನಾನು ಸಿದ್ಧವಾಗಿಟ್ಟಿರುತ್ತೇನೆ.