ನೂಕಬೇಡ ಎಂದ ಸಿಸ್ಟರ್

ನನ್ನ ಮೊಮ್ಮಗ ಇವತ್ತು ಶಾಲೆಯಲ್ಲಿ ತಾನೇ ಟ್ಯೂಬ್ ಹಾಕಿ ಮೂತ್ರ ತೆಗೆದುಕೊಂಡ. ಒಂದು ತೊಟ್ಟೂ ರಕ್ತ ಬರಲಿಲ್ಲ. ಕೇಳಿದ ಕೂಡಲೇ ನನಗೆ ನೆನಪಾದದ್ದು ಅವನಿಗೆ ಇದನ್ನು ಕಲಿಸಿದ ಆಸ್ಪತ್ರೆಯ ಸಿಸ್ಟರ್.

ಹುಟ್ಟಿನಿಂದಲೇ ಬೆನ್ನುಹುರಿಯ ತೊಂದರೆಯಿರುವ ಅವನಿಗೆ ಮೂತ್ರ ತಾನಾಗಿ ಇಳಿಯುವುದಿಲ್ಲ. ಹಿಂದೊಮ್ಮೆ ಅವಸರದಲ್ಲಿ ಟ್ಯೂಬ್ ನೂಕಿ ಒಳಗೆ ಗಾಯವಾಗಿತ್ತು. ಪುನಃ ಹಾಗಾದರೆ ಶಾಲೆಯೇ ತಪ್ಪೀತೆಂದು ನಾವೆಲ್ಲ ಹೆದರಿದ್ದೆವು.

ಸಿಸ್ಟರ್ ಎರಡು ಬೆರಳು ಉಜ್ಜಿ ತೋರಿಸುತ್ತಿದ್ದರು. “ಟ್ಯೂಬಿಗೆ ಹಚ್ಚುವ ಜೆಲ್ಲಿ ಹೀಗೆ ಜಾರಬೇಕು ಅಜ್ಜಿ. ಜಿಪುಣತನ ಬೇಡ.”

ಒಂದು ದಿನ ಅವರೆದುರೇ ಟ್ಯೂಬ್ ಅರ್ಧದಲ್ಲಿ ನಿಂತಿತು. ಹುಡುಗ ಒತ್ತಲು ಹೊರಟ. ಸಿಸ್ಟರ್ ಅವನ ಕೈ ಹಿಡಿದರು.

“ನೂಕಬೇಡ ಮಾರಾಯ. ಇದೆಂತ ಹಂಪನಕಟ್ಟೆಯ ರಶ್ ಬಸ್ಸಾ, ನೂಕಿ ಹತ್ತಲಿಕ್ಕೆ? ಸ್ವಲ್ಪ ನಿಲ್ಲು. ಉಸಿರು ಬಿಡು. ಒಮ್ಮೆ ಕೆಮ್ಮು.”

ಹೇಳಿ ತಾವೇ ಮೊದಲು ಕೆಮ್ಮಿದರು. ಅವನಿಗೆ ನಗು ಬಂತು, ಮೈ ಸಡಿಲವಾಯಿತು, ಟ್ಯೂಬ್ ಮೆಲ್ಲನೆ ಒಳಗೆ ಜಾರಿತು.

ಇವತ್ತು ಶಾಲೆಯಲ್ಲೂ ಅದು ಅರ್ಧದಲ್ಲಿ ನಿಂತಿತಂತೆ. ಬೆಲ್ ಹೊಡೆದರೂ ನೂಕದೆ ಕಾದನಂತೆ, ಕೆಮ್ಮಿದನಂತೆ.

ಸಂಜೆ ಮನೆಯವರೆಲ್ಲ ಕೋರಿರೊಟ್ಟಿಗೆ ಕುಳಿತೆವು. ಗರಿಗರಿ ರೊಟ್ಟಿಯ ಮೇಲೆ ಕೋಳಿಸಾರು ಬಿದ್ದದ್ದೇ ಮಗ ಕೈ ಹಾಕಿದ.

“ಎಂತ ಅವಸರ ಪಪ್ಪಾ?” ಎಂದ ಮೊಮ್ಮಗ. “ನೂಕಬೇಡಿ. ನೆನೆಯಲಿ.”

ನಾವೆಲ್ಲರೂ ಕೈ ತಡೆದು ಕಾದೆವು. ಆಮೇಲೆ ಹೊಟ್ಟೆ ತುಂಬ ಉಂಡೆವು.