ಕಲ್ಲು ಹೇರಿದ ಸೂರಿನ ಕೆಳಗೆ

೧೯೯೬ರಲ್ಲಿ ನಾನು ಚಾಮರಾಜನಗರದಲ್ಲಿ ಜೂನಿಯರ್ ಎಂಜಿನಿಯರ್ ಆಗಿದ್ದೆ. ಬಡವರಿಗೆಂದು ಕಟ್ಟಿಸಿದ ಮನೆಗಳು ಗಾಳಿಗೆ ತಡೆಯುತ್ತವೆಯೇ ಎಂದು ನೋಡಿ ಸಹಿ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನನ್ನ ಸಹಿ ಬಿದ್ದರೆ ಕಂಟ್ರಾಕ್ಟರನ ಹೊಣೆ ಮುಗಿಯಿತು. ಆಮೇಲೆ ಸೂರು ಹಾರಿದರೆ ಅದು ಮನೆಯವರ ಹಣೆಬರಹ. ಗುಂಡ್ಲುಪೇಟೆಯಿಂದ ಈಚೆಗೆ ಹೆಚ್ಚಿನದೆಲ್ಲ ಬಯಲು. ಮುಂಗಾರಿಗೆ ಮುಂಚೆ, ಸಂಜೆ ಹೊತ್ತು ಏಳುವ ಗಾಳಿಗೆ ಅಲ್ಲಿ ತಡೆಯೇ ಇಲ್ಲ.

ಗಾಳಿ ಸೂರನ್ನು ಒತ್ತಿ ಕೆಡವುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಸುಳ್ಳು. ಅದು ಒಳಗೆ ನುಗ್ಗಿ ಮೇಲಕ್ಕೆತ್ತುತ್ತದೆ. ಅದಕ್ಕೇ ಸೂರಿಗೆ ಹೊದಿಸಿದ ಶೀಟನ್ನು ಜೆ-ಬೋಲ್ಟಿನಿಂದ, ಅಂದರೆ ಅಡ್ಡತೊಲೆಯನ್ನು ಕೆಳಗಿನಿಂದ ಹಿಡಿಯುವ ಕಬ್ಬಿಣದ ಕೊಕ್ಕೆಯಿಂದ ಬಿಗಿಯಬೇಕು. ತೊಲೆಯನ್ನು ಕಬ್ಬಿಣದ ಪಟ್ಟಿ ಹಾಕಿ ಗೋಡೆಗೆ ಕಟ್ಟಬೇಕು. ಇದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ.

ಏಪ್ರಿಲ್‌ನಲ್ಲಿ ಹರವೆ ಹೋಬಳಿಯ ಒಂದು ಹೊಸ ಕಾಲೊನಿಗೆ ಹೋದೆ. ಮೊದಲನೆಯದು ಮಾದಮ್ಮನ ಮನೆ. ಗೋಡೆಗೆ ಹೊಸ ಸುಣ್ಣ, ಬಾಗಿಲಿಗೆ ರಂಗೋಲಿ. ಒಳಗೆ ಸೂರಿನಡಿ ಹಳೇ ಸೀರೆಗಳನ್ನು ಬಿಗಿದು ಕಟ್ಟಿ, ತೊಲೆ ಶೀಟು ಒಂದೂ ಕಾಣದಂತೆ ಅಂದ ಮಾಡಿದ್ದರು. ಯಾಕೆಂದು ಕೇಳಿದೆ. "ನೀವು ಬತ್ತೀರಿ, ಲಕ್ಷಣವಾಗಿರ್ಲಿ ಅಂತ ಕಂಟ್ರಾಕ್ಟ್ರೇ ಯೋಳುದ್ರು ಕಣವ್ವ" ಎಂದಳು ಮಾದಮ್ಮ. ಮೇಲೆ ಥಳಕು, ಒಳಗೆ ಹುಳುಕು. ಹೊರಗೆ ಬಂದು ನೋಡಿದರೆ ಶೀಟಿನ ಮೇಲೆ ತಲೆಗಾತ್ರದ ಕಾಡುಗಲ್ಲುಗಳು. ಬೋಲ್ಟ್ ಇರುವ ಸೂರಿಗೆ ಕಲ್ಲು ಯಾಕೆ ಬೇಕು?

ಏಣಿ ತರಿಸಿದೆ. ಕಂಟ್ರಾಕ್ಟರ್ ಬಸವರಾಜು ಹಲ್ಲು ಕಿರಿದ. "ಮೇಡಮ್ಮೋರೆ, ಹೆಣ್ಮಕ್ಕಳು ಏಣಿ ಹತ್ತಿ ಬಿದ್ದುಗಿದ್ದೀರಿ! ಕಾಫಿ ತರುಸ್ತೀನಿ, ಸಹಿ ಹಾಕ್ಬುಡಿ." ನಾನು ಒಳಗೆ ಏಣಿ ಹಾಕಿಸಿ, ಸೆರಗು ಸಿಕ್ಕಿಸಿ ಹತ್ತಿ, ಸೂರಿನಡಿ ಕಟ್ಟಿದ್ದ ಸೀರೆಗಳ ಗಂಟು ಬಿಚ್ಚಿದೆ. ಒಂದು ಬೋಲ್ಟ್ ಇಲ್ಲ. ಗೋಡೆಗೆ ಪಟ್ಟಿ ಇಲ್ಲ. ಆ ಕಲ್ಲುಗಳ ನೇರ ಕೆಳಗೆ ಚಾಪೆಯ ಮೇಲೆ ಕೂತಿದ್ದವಳು ಮಾದಮ್ಮನ ಸೊಸೆ ಮಂಜುಳ, ತುಂಬಿದ ಬಸುರಿ. ಗಾಳಿ ಶೀಟನ್ನೆತ್ತಿದರೆ ಕಲ್ಲು ಯಾರ ಮೇಲೆ ಉರುಳುತ್ತದೆ ಎಂದು ಯಾರೂ ನನಗೆ ಹೇಳಿಕೊಡಬೇಕಿರಲಿಲ್ಲ.

"ಬೋಲ್ಟ್ ಎಲ್ಲಿ ಬಸವರಾಜು?"

"ಹಾಕೋಕೆ ಅಂತ್ಲೇ ಬಂದಿದ್ದೆ ಮೇಡಂ. ಬಸುರಿ ಇರೋ ಮನೇಲಿ ತೊಲೆಗೆ ಕಬ್ಣ ಹೊಡೀಬಾರ್ದಲ್ವಾ? ಕೂಸಿಗೆ ಆಗ್ಬರಲ್ಲ. ಬೇಕಾದ್ರೆ ಮಾದಮ್ಮನ್ನೇ ಕೇಳಿ."

ಮಾದಮ್ಮ ಹೌದೆಂದು ತಲೆಯಾಡಿಸಿದಳು. ಸೊಸೆ ಬಸುರಿಯಾದರೆ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯದ ಮನೆಗಳು ಅಲ್ಲಿದ್ದವು. ಅವರ ನಂಬಿಕೆಯನ್ನು ಹಂಗಿಸಲು ನನಗೆ ಮನಸ್ಸಾಗಲಿಲ್ಲ. ಇಳಿದು ಪಕ್ಕದ ಮನೆಗೆ ಏಣಿ ಹಾಕಿಸಿದೆ. ಅಲ್ಲಿದ್ದವನು ಕೆಂಪಯ್ಯ, ಹೆಂಡತಿ ತೀರಿಕೊಂಡ ಒಂಟಿ ಮುದುಕ. ಹತ್ತಿ ನೋಡಿದೆ. ಅಲ್ಲೂ ಒಂದು ಬೋಲ್ಟ್ ಇರಲಿಲ್ಲ!

ನನ್ನ ಪಿತ್ತ ನೆತ್ತಿಗೇರಿತು. ಏಣಿಯ ಮೇಲಿಂದಲೇ ಕೂಗಿದೆ: "ಇಲ್ಲಿ ಯಾರ್ರೀ ಬಸುರಿ? ಕೆಂಪಯ್ಯನಾ?"

ಸೇರಿದ್ದ ಜನ ಗೊಳ್ಳೆಂದು ನಕ್ಕರು. "ನಂಗೇ ಗೊತ್ತಿಲ್ವಲ್ಲಪ್ಪೋ!" ಎಂದ ಕೆಂಪಯ್ಯ. ಮಾದಮ್ಮ ಮಾತ್ರ ನಗಲಿಲ್ಲ. "ಥೂ ನಿನ್ನ! ನೀ ಮಾಡ್ದ ಮೋಸಕ್ಕೆ ನನ್ ಸೊಸೆ ಬಸ್ರನ್ನ ಅಡ್ಡ ಇಟ್ಕಂಡ್ಯಲ್ಲಾ ಬಸ್ರಾಜ!" ಎಂದು ಅವನ ಮುಖಕ್ಕೇ ಉಗಿದಳು. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಈ ಮನುಷ್ಯ ಒರೆಸಿದ್ದು ಇನ್ನೂ ಹುಟ್ಟದ ಕೂಸಿನ ಬಾಯಿಗೆ. ಇವತ್ತಿಗೂ ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆಗ ಮಂಜುಳ ಬಾಗಿಲಿಗೆ ಬಂದಳು. "ಎಂಗೂ ಎರಿಗೆಗೆ ತವ್ರಿಗೆ ಓಗ್ಬೇಕಲ್ಲತ್ತೆ, ಇವತ್ತೇ ಓಯ್ತೀನಿ. ನಾ ಇಲ್ದಾಗ ಹೊಡೀಲಿ ಬುಡಿ." ಮಾದಮ್ಮ "ಆಗ್ಲಿ ಕಣಮ್ಮಿ" ಎಂದಳು. ಬಸವರಾಜುವಿಗೆ ಇನ್ನೊಂದು ನೆಪ ಉಳಿಯಲಿಲ್ಲ. ಮಂಜುಳ ಸಂಜೆಯ ಬಸ್ಸಿಗೇ ಹೊರಟಳು. ಮೇಲಿನವರಿಂದ "ಯಾಕಮ್ಮ ರಗಳೆ, ಸಹಿ ಮಾಡಿಬಿಡಿ" ಎಂಬ ಮಾತು ಬಂತು. ನಾನು ಮಾಡಲಿಲ್ಲ. ಕಲ್ಲು ಇಳಿಸಿ, ಪಟ್ಟಿ ಹಾಕಿಸಿ, ಸಾಲಿನ ಕೊನೆಯ ಮನೆಯ ಬೋಲ್ಟನ್ನು ಕೈಯಿಂದ ಅಲುಗಿಸಿ ನೋಡಿದ ಮೇಲೇ ಮಾಡಿದ್ದು.

ಆಮೇಲೆ ಯಾವ ಊರಿಗೆ ಹೋಗುವುದಿದ್ದರೂ ಮೊದಲೇ ಹೇಳಿಕಳಿಸುತ್ತಿದ್ದೆ. ನಿಮಗೂ ಅದನ್ನೇ ಹೇಳುತ್ತೇನೆ. ಮನೆ ನೋಡಲು ಬರುತ್ತಾರೆಂದು ಸುಣ್ಣ ಬಳಿಯಬೇಡಿ. ಸೂರಿನಡಿಯ ಬಟ್ಟೆ ಬಿಚ್ಚಿ, ಅಟ್ಟದ ಸಾಮಾನು ಇಳಿಸಿ, ತೊಲೆ ಗೋಡೆಗೆ ಸೇರುವ ಜಾಗ ಕಾಣುವಂತೆ ಮಾಡಿ, ಏಣಿ ತಂದಿಡಿ. ಗಾಳಿ ಬಂದಾಗ ಎಲ್ಲಿ ಗಡಗಡ ಎನ್ನುತ್ತದೋ ನೀವೇ ಬೆರಳು ಮಾಡಿ ತೋರಿಸಿ. ಬಂದವರು ಏಣಿ ಹತ್ತದೆ ಸಹಿ ಹಾಕಲು ಹೊರಟರೆ ದಾಕ್ಷಿಣ್ಯ ಬೇಡ, ಕೈ ಹಿಡಿದು ನಿಲ್ಲಿಸಿ. ಆ ಸೂರಿನ ಕೆಳಗೆ ಮಲಗುವವರು ನೀವು.

ಆ ವರ್ಷ ಮೇ ತಿಂಗಳಲ್ಲಿ ಗಾಳಿ ಬಂತು. ರಸ್ತೆ ಬದಿಯ ಮರಗಳು ಬುಡಸಮೇತ ಬಿದ್ದವು. ಮಾರನೇ ದಿನ ಕಾಲೊನಿಗೆ ಓಡಿದೆ. ಒಂದು ಶೀಟೂ ಅಲುಗಿರಲಿಲ್ಲ. ಮಂಜುಳಳಿಗೆ ಹೆಣ್ಣು ಕೂಸು ಎಂಬ ಸುದ್ದಿಯೂ ಸಿಕ್ಕಿತು. ಸೂರಿನ ಕಡೆ ನೋಡುತ್ತ, ಮಾದಮ್ಮ ಈಗ ಒಂದು ಒಳ್ಳೆಯ ಮಾತು ಹೇಳುತ್ತಾಳೆ ಎಂದು ನಾನು ಹಿಗ್ಗಿ ನಿಂತಿದ್ದೆ. ಅವಳು ಕೇಳಿದ್ದು ಬೇರೆ.

"ಆ ಬಸ್ರಾಜ ಈಗ ಎಲ್ಲಿ ಕಟ್ಟುಸ್ತಾವ್ನೆ?"

"ಕುದೇರು ಕಡೆ."

"ಮತ್ತೆ ಇಲ್ಲೇನ್ ನೋಡ್ತಾ ನಿಂತಿದ್ದೀಯವ್ವ? ಅಲ್ಲೂ ಬಸುರೀರು ಅವ್ರೆ. ಓಗು, ಓಗಿ ಏಣಿ ಅತ್ತು."